ಎಂಜಲು ಕೊಟ್ಟೆ, ಉತಾರ ತೆಗೆಸಿದೆ, ಕೊನೆಗೆ ಹೆಳವರಿಗಾಗಿ ಕಾದೆ

ಮೊದಲೇ ಹೇಳಿಬಿಡುತ್ತೇನೆ, ಕಳೆದುಹೋದ ಸಂಬಂಧಿಕರನ್ನು ಹುಡುಕುವ ದಾರಿಗಳಲ್ಲಿ ನನ್ನ ಓಟು ಹೆಳವರ ಪುಸ್ತಕಕ್ಕೆ, ಅಂದರೆ ಊರೂರು ತಿರುಗಿ ವಂಶಾವಳಿ ಓದಿ ಹೇಳುವವರ ಪುಸ್ತಕಕ್ಕೆ. ಬೇರೆ ಕಡೆ ಹದಿನಾಲ್ಕು ಸಾವಿರ ರೂಪಾಯಿ ಕಳೆದುಕೊಂಡ ಮೇಲೆ ಹಾಕುತ್ತಿರುವ ಓಟು ಇದು. ಹಾಗಾಗಿ ಇದರಲ್ಲಿ ಸ್ವಲ್ಪ ಸಿಟ್ಟೂ ಇದೆ ಎಂದುಕೊಂಡೇ ಓದಿ.

ನಾನು ಹುಡುಕಬೇಕಾಗಿದ್ದು ಒಬ್ಬನನ್ನು ಮಾತ್ರ, ನಮ್ಮ ಮುತ್ಯಾನ ಕಾಕಾನನ್ನು, ಅಂದರೆ ಅಜ್ಜನ ಚಿಕ್ಕಪ್ಪನನ್ನು. ನಮ್ಮದು ಜಮಖಂಡಿ ತಾಲೂಕಿನ ಒಂದು ಹಳ್ಳಿ. 1920ರ ದಶಕದಲ್ಲಿ ಆತ ಹೆಂಡತಿಯನ್ನೂ ಒಂದು ಕೈಗೂಸನ್ನೂ ಕರೆದುಕೊಂಡು ಸೋಲಾಪುರದ ಗಿರಣಿಗೆ ದುಡಿಯಲು ಹೋದ. ತಿರುಗಿ ಬರಲಿಲ್ಲ. ಮನೆಯಲ್ಲಿ ಇದಕ್ಕೆ ಎರಡು ಕಥೆಗಳಿವೆ. 1930ರ ಮೇ ತಿಂಗಳಲ್ಲಿ ಸೋಲಾಪುರದಲ್ಲಿ ಮಾರ್ಷಲ್ ಲಾ ಹೇರಿದರಲ್ಲ, ಆಗ ಗುಂಡಿಗೆ ಸಿಕ್ಕು ಸತ್ತ ಎನ್ನುವುದು ಅಪ್ಪನ ಕಥೆ. ಹೊಲದ ಪಾಲಿನ ಜಗಳಕ್ಕೆ ಬ್ಯಾಸತ್ತು ಬೇಕಂತಲೇ ಬರಲಿಲ್ಲ ಎನ್ನುವುದು ನಮ್ಮ ಕಾಕಾನ ಕಥೆ. ಎಪ್ಪತ್ತೈದು ತುಂಬಿದ ದಿನ ಅಪ್ಪ ಊಟದ ತಾಟಿನ ಮುಂದೆ ಕೂತು, “ಅವರ ಪೈಕಿ ಯಾರರೆ ಅದಾರೇನ್ ನೋಡವಾ, ನಿನಗ ಇಂಟರ್‌ನೆಟ್ ಬರ್ತೈತಲ್ಲ” ಅಂದ. ಇಂಟರ್‌ನೆಟ್ ಬರುತ್ತದೆ ಎನ್ನುವ ಸೊಕ್ಕಿನಲ್ಲೇ ನಾನು ಶುರು ಮಾಡಿದ್ದು.

ಎಲ್ಲರಂತೆ ನನಗೂ ಮೊದಲು ಹೊಳೆದದ್ದು ಜನಗಣತಿ. ಅಮೆರಿಕದಲ್ಲಿರುವ ತಮ್ಮ ಅಲ್ಲಿನವರ ಕಥೆ ಹೇಳಿ ಆಸೆ ಹುಟ್ಟಿಸಿದ್ದ. ಅಲ್ಲಿ 72 ವರ್ಷ ಕಳೆದರೆ ಗಣತಿಯ ಹಾಳೆಗಳನ್ನು ಬಿಡುಗಡೆ ಮಾಡುತ್ತಾರೆ. 1950ರದ್ದು 2022ರಲ್ಲಿ ಹೊರಗೆ ಬಂತು. ಇಂಗ್ಲೆಂಡಿನ 1921ರ ಗಣತಿಯೂ ಅದೇ ವರ್ಷ ಬಂತು. ಮನೆ ನಂಬರು, ಮನೆಯೊಡೆಯ, ಹೆಂಡತಿ, ಮಕ್ಕಳು, ವಯಸ್ಸು, ಕಸುಬು ಎಲ್ಲ ಅದರಲ್ಲಿರುತ್ತವೆ. ನಮ್ಮಲ್ಲೂ 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ತಲೆ ಎಣಿಸಿದ್ದಾರೆ, ಹೆಸರೂ ಬರೆದುಕೊಂಡಿದ್ದಾರೆ. ಆದರೆ ನಮಗೆ ಸಿಗುವುದು ಮೊತ್ತ ಮಾತ್ರ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಗಣತಿದಾರರು ಬರೆದ ಪುಸ್ತಕವನ್ನು ನೋಡುವ ಹಕ್ಕು ಯಾರಿಗೂ ಇಲ್ಲ, ಎಷ್ಟು ವರ್ಷ ಕಳೆದರೂ ಇಲ್ಲ. ಹಳೆಯ ಸಂಪುಟಗಳಲ್ಲಿ ಜಮಖಂಡಿ ಸಂಸ್ಥಾನದ ಜನಸಂಖ್ಯೆ ಸಿಗುತ್ತದೆ, ಯಾವ ಜಾತಿಯವರು ಎಷ್ಟು ಎನ್ನುವುದೂ ಸಿಗುತ್ತದೆ. ನಮ್ಮ ಮುತ್ಯಾನ ಕಾಕಾ ಆ ಸಂಖ್ಯೆಯೊಳಗೆ ಎಲ್ಲೋ ಒಂದು ‘ಒಂದು’ ಆಗಿ ಕೂತಿದ್ದಾನೆ. ಅಲ್ಲಿಂದ ಅವನನ್ನು ಹೊರಗೆ ಎಳೆಯಲು ಬರುವುದಿಲ್ಲ.

ಇದು ಗೊತ್ತಾಗುವ ಹೊತ್ತಿಗೆ ನಾನು ಒಂದು ವಿದೇಶಿ ವಂಶವೃಕ್ಷದ ವೆಬ್‌ಸೈಟಿಗೆ ಆರು ತಿಂಗಳ ಚಂದಾ ಕಟ್ಟಿಯಾಗಿತ್ತು. ಕೋಟ್ಯಂತರ ದಾಖಲೆಗಳಿವೆ ಎಂದು ಅವರು ಹಾಕಿಕೊಂಡದ್ದು ಸುಳ್ಳಲ್ಲ. ನಮ್ಮವು ಅಲ್ಲಿಲ್ಲ, ಅಷ್ಟೇ.

ಆ ವೆಬ್‌ಸೈಟು ಎಡವಿಸಿದ ಒಂದು ಕಲ್ಲಿನ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳಬೇಕು. ನನ್ನ ಎಂಟು ತಿಂಗಳನ್ನು ತಿಂದದ್ದು ಅದೇ. ಫಾರ್ಮಿನಲ್ಲಿ ‘ಲಾಸ್ಟ್ ನೇಮ್’ ಎಂಬ ಖಾನೆ ಇರುತ್ತದೆ, ಪಕ್ಕದಲ್ಲಿ ಕೆಂಪು ಚುಕ್ಕಿ. ಅದನ್ನು ತುಂಬದೆ ಮುಂದೆ ಹೋಗಲು ಬಿಡುವುದಿಲ್ಲ. ನಾನು ‘ಅಂಗಡಿ’ ಎಂದು ತುಂಬಿದೆ. ನಮ್ಮ ಅಡ್ಡಹೆಸರು ಅಂಗಡಿಯೇ. ಆಧಾರಿನಲ್ಲಿ, ಬ್ಯಾಂಕಿನಲ್ಲಿ, ಅಪ್ಪನ ಸಾಲಿ ದಾಖಲಾತಿಯಲ್ಲಿ ಎಲ್ಲ ಕಡೆ ಅದೇ ಇದೆ. ಸೋಲಾಪುರ, ಪುಣೆ, ಮುಂಬೈ ಎಂದು ಅಂಗಡಿಯವರನ್ನು ಹುಡುಕುತ್ತಾ ಹೋದೆ. ಉತ್ತರ ಕರ್ನಾಟಕದ ಯಾವ ಪೇಟೆಯಲ್ಲಿ ನಿಂತು ಕಲ್ಲು ಒಗೆದರೂ ಒಬ್ಬ ಅಂಗಡಿಗೆ ಬೀಳುತ್ತದೆ. ಅವರಲ್ಲಿ ಮುಕ್ಕಾಲು ಪಾಲು ನಮ್ಮ ಕುಲದವರೂ ಅಲ್ಲ. ನಲವತ್ತು ಜನರಿಗೆ ಮೆಸೇಜ್ ಕಳಿಸಿದೆ. ಹನ್ನೊಂದು ಜನ ಉತ್ತರ ಕೊಟ್ಟರು. ಒಬ್ಬರು ವಿಮೆ ಮಾಡಿಸುತ್ತೀರಾ ಎಂದು ಕೇಳಿದರು.

ಆಮೇಲೆ ಒಂದು ದಿನ ಫೋನಿನಲ್ಲಿ ಕಾಕಾ ಆಡಿದ ಒಂದು ಮಾತು ಕೇಳಿ ತಲೆ ಮೇಲೆ ಕೈ ಹೊತ್ತು ಕೂತೆ. “ಅಂಗಡಿ ಅಂತ ಬಂದದ್ದ ನಿಮ್ಮ ಮುತ್ಯಾ ಕಿರಾಣಿ ಇಟ್ಟ ಮ್ಯಾಲ. ಅದಕ್ಕಿಂತ ಮೊದಲ ನಾವು ಬಾವಿಕಟ್ಟಿ.” ಮನೆ ಬಾವಿಯ ಕಟ್ಟೆಯ ಮಗ್ಗುಲಲ್ಲಿ ಇತ್ತು, ಅದಕ್ಕೆ ಬಾವಿಕಟ್ಟಿ. ಮುತ್ಯಾ ಅಂಗಡಿ ತೆರೆದ. ಸಾಲಿ ಮಾಸ್ತರರು ಅಪ್ಪನ ಹೆಸರು ಹಚ್ಚುವಾಗ “ಯಾರ ಮಗ? ಅಂಗಡ್ಯಾವಂದಾ?” ಎಂದು ಕೇಳಿ ಹಾಗೇ ಬರೆದರು. ನಮ್ಮ ಇಡೀ ಮನೆತನದ ಲಾಸ್ಟ್ ನೇಮ್ ಹುಟ್ಟಿದ್ದು ಒಬ್ಬ ಮಾಸ್ತರರ ಟಾಕಿನ ತುದಿಯಲ್ಲಿ. ಅದು ಹುಟ್ಟುವ ಎಷ್ಟೋ ವರ್ಷ ಮೊದಲೇ ಊರು ಬಿಟ್ಟವನನ್ನು ನಾನು ಅದೇ ಹೆಸರಿನಲ್ಲಿ ಹುಡುಕುತ್ತಿದ್ದೆ!

ಬಾವಿಕಟ್ಟಿ ಎಂದು ಹುಡುಕಿದರೂ ಸಿಗುತ್ತಿರಲಿಲ್ಲ ಎನ್ನುವುದು ಮುಂದೆ ಗೊತ್ತಾಯಿತು. ಬಾವಿ ಇದ್ದದ್ದು ನಮ್ಮೂರಲ್ಲಿ. ಬೇರೆ ಊರಿನವರಿಗೆ ನಮ್ಮ ಬಾವಿ ಏನು ಗೊತ್ತು? ಬಾದಾಮಿಯಿಂದ ಬಂದವರು ಬಾದಾಮಿ, ಹುನಗುಂದದಿಂದ ಬಂದವರು ಹುನಗುಂದ. ನಮ್ಮ ಕಡೆ ಊರು ಬಿಟ್ಟವನಿಗೆ ಬಿಟ್ಟ ಊರೇ ಅಡ್ಡಹೆಸರಾಗುತ್ತದೆ. ಇಷ್ಟು ಗೊತ್ತಿದ್ದೂ ನನಗೆ ಹೊಳೆಯಲಿಲ್ಲ.

ಇನ್ನು ಹೆಸರಿನ ಪಾಡು. ಮೊಮ್ಮಗನಿಗೆ ಮುತ್ಯಾನ ಹೆಸರಿಡುವ ಮನೆ ನಮ್ಮದು, ಹಾಗಾಗಿ ಬಸಪ್ಪನ ಮಗ ಶಿವಪ್ಪ, ಶಿವಪ್ಪನ ಮಗ ಬಸಪ್ಪ, ಮತ್ತೆ ಅವನ ಮಗ ಶಿವಪ್ಪ. ವೆಬ್‌ಸೈಟಿನ ಜಾಣ ಯಂತ್ರ ಇಬ್ಬರು ಬಸಪ್ಪರನ್ನು ಒಂದೇ ಮಾಡಿ, ಒಬ್ಬನನ್ನು ಅವನ ಅಪ್ಪನಿಗೇ ಅಪ್ಪನನ್ನಾಗಿ ಮಾಡಿ ತೋರಿಸಿತು. ಚಂದಾ ಅಲ್ಲಿಗೆ ನಿಲ್ಲಿಸಿದೆ.

ಎರಡನೆಯದು ಡಿಎನ್‌ಎ. ಒಂದು ಕೊಳವೆಯಲ್ಲಿ ಎಂಜಲು ಉಗುಳಿ ಕೊರಿಯರ್ ಮಾಡುವುದು, ಎಂಟು ಸಾವಿರದ ಚಿಲ್ಲರೆ. ಏಳು ವಾರಕ್ಕೆ ಫಲಿತಾಂಶ ಬಂತು, ನಾನು ದಕ್ಷಿಣ ಭಾರತದವಳಂತೆ. ಅಪ್ಪನಿಗೆ ಹೇಳಿದರೆ, “ಅದನ್ನ ನಾ ಪುಕ್ಕಟ ಹೇಳ್ತಿದ್ದೆ” ಅಂದ.

ಕಿಟ್ಟಿನದೇ ತಪ್ಪು ಎನ್ನಲಾರೆ. ಕಳೆದುಹೋದವನ ಮರಿಮಕ್ಕಳೂ ನಾನೂ ಕೂಡುವುದು ನನ್ನ ಮುತ್ಯಾನ ಮುತ್ಯಾನಲ್ಲಿ. ಅಷ್ಟು ದೂರದ ದಾಯಾದಿಗಳಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೊಂದಾಣಿಕೆ ಕಾಣಿಸದೆಯೂ ಹೋಗುತ್ತದೆ. ಕಾಣಿಸಬೇಕೆಂದರೂ ಅವರೂ ಉಗುಳಿರಬೇಕಲ್ಲ? ಜೋಳ ಬೆಳೆಯುವ ಮನೆಯವರು ಎಂಟು ಸಾವಿರ ಕೊಟ್ಟು ಎಂಜಲು ಕಳಿಸುತ್ತಾರೆಯೇ? ಇನ್ನೊಂದು ತೊಡಕು ನಮ್ಮದೇ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಟ್ಟು ಕೊಟ್ಟು ನಮ್ಮ ರಕ್ತ ಜಡೆಯ ಹಾಗೆ ಹೆಣೆದುಕೊಂಡಿದೆ. ದೂರದವರೂ ಲೆಕ್ಕದಲ್ಲಿ ಹತ್ತಿರದವರಂತೆ ಕಾಣುತ್ತಾರೆ. ನ್ಯೂಜೆರ್ಸಿಯ ಒಬ್ಬರು ನನಗೆ ಎರಡನೇ ಸಾಲಿನ ಸಂಬಂಧಿ ಎಂದು ತೋರಿಸಿತು. ಒಂದು ಗಂಟೆ ಮಾತಾಡಿದೆವು. ಇಬ್ಬರ ಅವ್ವಂದಿರ ತವರೂ ಮುಧೋಳದ ಕಡೆ, ಅದರಾಚೆ ಏನೂ ಸಿಗಲಿಲ್ಲ. ಮಾತು ಮಾತ್ರ ಚಲೋ ಆಯಿತು, ಈಗಲೂ ಹಬ್ಬಕ್ಕೆ ಫೋನ್ ಮಾಡುತ್ತಾರೆ.

ಹೊಲದ ಕಾಗದಗಳಿಗೆ ನನ್ನ ಎರಡನೇ ಬಹುಮಾನ. ಕಂಪ್ಯೂಟರಿನಲ್ಲಿ ಸಿಗುವ ಉತಾರ (ಪಹಣಿ) ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಅದು ಈಗಿನ ಮಾಲೀಕರನ್ನಷ್ಟೇ ಹೇಳುತ್ತದೆ. ನಾಡಕಚೇರಿಯ ವಂಶವೃಕ್ಷವೂ ಅಷ್ಟೇ, ನಾವು ಹೇಳಿದ್ದನ್ನೇ ಪಂಚರ ಸಹಿ ಹಾಕಿಸಿ ನಮಗೇ ತಿರುಗಿ ಕೊಡುತ್ತಾರೆ. ಬೇಕಾದದ್ದು ಹಳೆಯ ವಾರಸಾ ಡೈರಿ. ಹೊಲ ಯಾರಿಂದ ಯಾರಿಗೆ ಹೋಯಿತು, ಸತ್ತವನಿಗೆ ಮಕ್ಕಳೆಷ್ಟು, ಯಾರು ಪಾಲು ಬಿಟ್ಟರು ಎಲ್ಲ ಅದರಲ್ಲಿ ಇರುತ್ತದೆ. ನಮ್ಮೂರಿನ ಡೈರಿಗೆ ಅಡ್ಡ ನಿಂತದ್ದು ಲಿಪಿಯ ಗೋಡೆ. ಜಮಖಂಡಿ ಆಳಿದ ಪಟವರ್ಧನರ ಸಂಸ್ಥಾನದ ಕಾಲದ್ದು ನೋಡಿ, ಭಾಷೆ ಮರಾಠಿ, ಬರಹ ಮೋಡಿ. ಕೈ ಎತ್ತದೆ ಎಳೆದ ಗೆರೆ, ಪದಗಳ ನಡುವೆ ಜಾಗವೇ ಇಲ್ಲ. ನನ್ನ ಕಣ್ಣಿಗೆ ಇರುವೆ ಸಾಲು. ಮೋಡಿ ಓದುವ ನಿವೃತ್ತ ಮಾಸ್ತರರೊಬ್ಬರು ಸಾಂಗಲಿಯಲ್ಲಿ ಸಿಕ್ಕರು, ಹಾಳೆಗೆ ಮುನ್ನೂರು ತೆಗೆದುಕೊಂಡರು. ಆರು ಹಾಳೆಗಳಲ್ಲಿ ಐದು ನಮ್ಮವಲ್ಲ. ಆರನೆಯದರಲ್ಲಿ ಬಾವಿಕಟ್ಟಿ ಅಣ್ಣತಮ್ಮಂದಿರು ಇದ್ದರು, ತಮ್ಮನ ಹೆಸರಿನ ಮುಂದೆ ಒಂದೇ ಪದ: ‘ಪರಾಗಂದಾ’. ಮನೆಮಾರು ಬಿಟ್ಟು ದೇಶಾಂತರ ಹೋದವ ಎಂದು ಮಾಸ್ತರರು ಅರ್ಥ ಹೇಳಿದರು. ಸತ್ತ ಎಂದು ಬರೆದಿರಲಿಲ್ಲ. ಹಾಳೆ 1934ರದ್ದು. ಮಾರ್ಷಲ್ ಲಾ ಕಥೆಗೆ ಅಲ್ಲಿಗೆ ಮೊದಲ ಪೆಟ್ಟು ಬಿತ್ತು. ಅಪ್ಪ ಎರಡು ದಿನ ಮಂಕಾಗಿದ್ದ, ಹುತಾತ್ಮನ ಮನೆಯವರು ಎನ್ನುವ ಹೆಮ್ಮೆ ಹೋಯಿತಲ್ಲ.

ತ್ರ್ಯಂಬಕೇಶ್ವರದ ತೀರ್ಥಪುರೋಹಿತರ ನಾಮಾವಳಿಯನ್ನೂ ನೋಡಿಸಿದೆ. ಊರು, ತಾಲೂಕು ಹೇಳಿದ ಅರ್ಧ ಗಂಟೆಯಲ್ಲಿ ಪುಟ ತೆಗೆದರು. ಮುತ್ಯಾನ ಅಪ್ಪ ಬಂದಿದ್ದ, ಹೆಬ್ಬೆಟ್ಟು ಒತ್ತಿದ್ದ. ಆದರೆ ಬಂದವರನ್ನಷ್ಟೇ ಬರೆಯುವ ಪುಸ್ತಕ ಅದು. ಅವನ ತಮ್ಮ ಬರಲಿಲ್ಲ, ಹಾಗಾಗಿ ಅಲ್ಲಿಲ್ಲ. ಯಾತ್ರೆಗೆ ಹೋಗುವವರಿದ್ದರೆ ಕೇಳಿ ನೋಡಿ, ಇದಕ್ಕಾಗಿಯೇ ಹೋಗಬೇಡಿ.

ಇನ್ನು ಹೆಳವರು. ದಕ್ಷಿಣದ ಓದುಗರಿಗಾಗಿ ಎರಡು ಮಾತು. ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಬರೆದಿಟ್ಟುಕೊಂಡು, ಸುಗ್ಗಿಯ ಮೇಲೆ ಊರೂರಿಗೆ ಬಂದು ಓದಿ ಹೇಳುವವರು ಇವರು. ಹೆಳವ ಎಂದರೆ ಕಾಲಿಲ್ಲದವ, ಹಾಗಾಗಿ ಮೊದಲೆಲ್ಲ ಸಿಂಗರಿಸಿದ ಎತ್ತಿನ ಮೇಲೆ ಬರುತ್ತಿದ್ದರು. ನಮ್ಮವರು ಟಂಟಂನಲ್ಲಿ ಬಂದರು.

ಬರುವುದೇ ದೊಡ್ಡ ಕೆಲಸ. ನಾವು ಕರೆದಾಗ ಬರುವವರಲ್ಲ, ಅವರ ತಿರುಗಾಟದಲ್ಲಿ ನಮ್ಮೂರು ಬಂದಾಗ ಬರುತ್ತಾರೆ. ನಮ್ಮ ಮನೆಗೆ ಬಂದು ಎಂಟು ವರ್ಷವಾಗಿತ್ತು. ಕಾಕಾ ಬೀಗರ ಕಡೆಯಿಂದ ನಂಬರು ತಂದು ಹೇಳಿ ಕಳಿಸಿದ. ನಾಲ್ಕು ತಿಂಗಳು ಕಾದೆವು. ಬಂದವರು ಕೈಕಾಲು ತೊಳೆದು, ಕೆಂಪು ವಸ್ತ್ರ ಬಿಚ್ಚಿ, ಪುಸ್ತಕಕ್ಕೆ ಅರಿಷಿಣ ಕುಂಕುಮ ಏರಿಸಿ ಕೂತರು. ನಾನು ಬೇಗ ಬೇಗ, “ಯಜ್ಜಾ, ನಮ್ಮ ಅಡ್ಡಹೆಸರ ಮೊದಲ ಬಾವಿಕಟ್ಟಿ ಇತ್ತಂತ...” ಎಂದು ಶುರು ಮಾಡಿದರೆ, “ಅಡ್ಡಹೆಸರ ಯಾರಿಗೆ ಬೇಕವಾ? ಮನಿದೇವ್ರು ಹೇಳ, ಬೆಡಗ ಹೇಳ, ಯಾವ ಓಣಿ ಹೇಳ” ಅಂದರು. ಬೆಡಗ ಅಂದರೆ ಗೋತ್ರದ ಹಾಗೆ. ಎಂಟು ತಿಂಗಳಲ್ಲಿ ನನ್ನನ್ನು ಯಾರೂ ಕೇಳದ ಮೂರು ಪ್ರಶ್ನೆ. ಆ ಮೂರೂ ಊರು ಬಿಟ್ಟರೂ ಬದಲಾಗುವಂಥವಲ್ಲ. ಓಣಿ ಕೂಡ, ಬಿಟ್ಟು ಹೋದ ಓಣಿಯೇ ಲೆಕ್ಕ.

ಬೇಕಾದ ಪುಟಕ್ಕೆ ಹಾರುವ ಪದ್ಧತಿ ಅವರಲ್ಲಿಲ್ಲ. ಮೂಲಪುರುಷನಿಂದಲೇ ರಾಗವಾಗಿ ಶುರು. ಅವನು ಎಲ್ಲಿಂದ ಬಂದ, ಯಾವ ಬರಗಾಲಕ್ಕೆ ಎಲ್ಲಿ ಇಳಿದ, ಯಾರಿಗೆ ಎಷ್ಟು ಎತ್ತು. ನಡುವೆ ಎರಡು ಸಲ ಚಹಾ. ಇಸವಿ ಒಂದೂ ಇಲ್ಲ, ‘ದೊಡ್ಡ ಬ್ಯಾನಿ ವರ್ಷ’, ‘ಹೊಳಿ ಬಂದ ವರ್ಷ’ ಇವೇ ಗುರುತು. ಹೊಗಳಿಕೆ ಬಹಳ, ನಮ್ಮ ಹಿರಿಯರೆಲ್ಲ ದಾನಶೂರರೇ. ಎರಡು ಗಂಟೆಯ ಮೇಲೆ ಮುತ್ಯಾನ ಕಾಕಾ ಬಂದ. ಧ್ವನಿ ಒಂಚೂರೂ ಏರಿಸದೆ ಓದಿದರು: ಸೋಲಾಪುರಕ್ಕ ಹ್ವಾದ, ಗಿರಣಿ ಬಿಟ್ಟ, ಅಕ್ಕಲಕೋಟ ಕಡೆ ಹೆಂಡ್ತಿ ತವರಮನಿ ಹೊಲಾ ಹಿಡಿದ, ಗಂಡಮಕ್ಕಳು ಮೂವರು. ಹೆಂಡತಿಯ ತವರು! ನಮ್ಮ ಮನೆಯಲ್ಲಿ ಯಾರೂ ಆ ದಿಕ್ಕಿಗೆ ತಲೆ ಹಾಕಿರಲಿಲ್ಲ. “ಅವರ ಮನಿಗೂ ನಾವ ಹೋಗ್ತೀವಿ. ಹ್ವಾದ ವರ್ಷ ಒಂದ್ ಆಡಿನ ಮರಿ ಕೊಟ್ಟಾರ” ಅಂದರು ಅಜ್ಜ. ಅಪ್ಪ ಎದ್ದು ಹಿತ್ತಲಿಗೆ ಹೋದ.

ಅಕ್ಕಲಕೋಟದ ಕಡೆ ಅವರು ‘ಜಮಖಂಡಿ’ಯವರು. ಮರಾಠಿ ಸಾಲಿಯಲ್ಲಿ ಕಲಿತ ಮಕ್ಕಳು ‘ಜಮಖಂಡಿಕರ’. ಯಾವ ಯಂತ್ರ ಅಂಗಡಿಯನ್ನೂ ಜಮಖಂಡಿಕರನನ್ನೂ ಜೋಡಿಸೀತು?

ಖರ್ಚು: ಎರಡು ಸಾವಿರ ರೊಕ್ಕ, ಒಂದು ಧೋತರ, ಒಂದು ಚೀಲ ಜೋಳ.

ಆದರೂ ನನ್ನ ಮೆಚ್ಚಿನ ಪುಸ್ತಕದ ದೊಡ್ಡ ಕೊರತೆಯನ್ನು ಮುಚ್ಚಿಡಲಾರೆ. ಗಂಡುಮಕ್ಕಳ ಸಾಲು ಅದು. ಹೆಣ್ಣು ಬಂದರೆ ಯಾರದೋ ಹೆಂಡತಿಯಾಗಿ, ಯಾವುದೋ ತವರಾಗಿ ಬರುತ್ತಾಳೆ. ಕಳೆದುಹೋದವನ ಜಾಡು ಸಿಕ್ಕಿದ್ದು ಹೆಂಡತಿಯ ತವರಿನಿಂದ, ಆದರೆ ಆಕೆಯ ಹೆಸರು ಅದರಲ್ಲಿಲ್ಲ. ನನ್ನ ತಮ್ಮ ಇದ್ದಾನೆ, ಅಮೆರಿಕದಲ್ಲಿ ಹುಟ್ಟಿದ ಅವನ ಮಗನನ್ನೂ ಅವತ್ತೇ ಬರೆದುಕೊಂಡರು. ಎಲ್ಲ ಓಡಾಡಿದ ನಾನಿಲ್ಲ. “ಯಜ್ಜಾ, ನನ್ನನ್ನೂ ಬರಿ” ಅಂದೆ. ನಕ್ಕರು. “ನಿನ್ನ ಗಂಡನ ಮನಿ ಹೆಳವರು ಬರೀತಾರವಾ.” ಗಂಡನ ಮನೆಗೆ ಹೆಳವರೇ ಬರುವುದಿಲ್ಲ, ಅವರು ಮೈಸೂರು ಕಡೆಯವರು. ಡಿಎನ್‌ಎ ಕಿಟ್ಟು ಕನಿಷ್ಠ ಅವ್ವನ ಸಾಲನ್ನೂ ಅಪ್ಪನ ಸಾಲನ್ನೂ ಒಂದೇ ತಕ್ಕಡಿಯಲ್ಲಿ ತೂಗಿತ್ತು. ಆ ಒಂದು ಅಂಕ ಅದಕ್ಕೆ ಸಲ್ಲಬೇಕು.

ಯಾರಿಗೆ ಯಾವುದು? ಹಿರಿಯರು ಗಯಾನಾಕ್ಕೋ ಇಂಗ್ಲೆಂಡಿಗೋ ಹೋದವರಾದರೆ ವೆಬ್‌ಸೈಟಿಗೆ ಕಾಸು ಹಾಕಿ, ಅಲ್ಲಿ ಕಾಗದಗಳಿವೆ. ಹೊಲ ಇದ್ದ ಮನೆಯವರಾದರೆ ಡೈರಿ ತೆಗೆಸಿ. ಮೊದಲು ನಿಮ್ಮೂರು ಯಾರ ಆಳ್ವಿಕೆಯಲ್ಲಿತ್ತು ಎಂದು ತಿಳಿದುಕೊಂಡು, ಆ ಲಿಪಿ ಓದುವವರನ್ನು ಹುಡುಕಿಕೊಂಡೇ ಕಚೇರಿಯ ಮೆಟ್ಟಿಲು ಹತ್ತಿ. ಹೊಲವೇ ಇರದ ಮನೆಗಳಿಗೆ ಅದರಲ್ಲಿ ಹೆಚ್ಚೇನೂ ಸಿಗದು. ನನ್ನಂತೆ ಕಾಯುವ ತಾಳ್ಮೆ ಇದ್ದು ಕೈಯಲ್ಲಿ ಕಾಸು ಕಡಿಮೆ ಇದ್ದರೆ, ನಿಮ್ಮ ಮನೆಗೆ ಹೆಳವರು ಬರುತ್ತಿದ್ದರೋ ಎಂದು ಮನೆಯ ಅತಿ ಹಿರಿಯರನ್ನು ಇವತ್ತೇ ಕೇಳಿ.

ಅವ್ವನ ತವರಿಗೆ ಬರುವ ಹೆಳವರು ಬೇರೆ. ಸಂಕ್ರಾಂತಿ ಮುಗಿದ ಮೇಲೆ ಆ ಕಡೆ ಬರುತ್ತಾರಂತೆ. ಮಾವ ಈಗಲೇ ಒಂದು ಚೀಲ ಜೋಳ ಎತ್ತಿಟ್ಟಿದ್ದಾನೆ. ನಾನು ಬೇರೆ ಒಂದು ವಹಿ ಕೊಂಡಿದ್ದೇನೆ, ಅವರು ಬಿಟ್ಟ ಹೆಣ್ಣುಮಕ್ಕಳ ಹೆಸರು ಬರೆಯಲಿಕ್ಕೆ.