ಮಾಟುಂಗಾದ ಕೌಂಟರ್, ಡೊಂಬಿವಲಿಯ ಪರದೆ: ಆರ್‌ಡಿಪಿಯೋ ವಿಎನ್‌ಸಿಯೋ?

ಒಂದು ತುದಿಯಲ್ಲಿ ಮುಂಬೈಯ ಮಾಟುಂಗಾದ ಹೋಟೆಲಿನ ಬಿಲ್ಲಿಂಗ್ ಕಂಪ್ಯೂಟರ್, ಇನ್ನೊಂದರಲ್ಲಿ ಡೊಂಬಿವಲಿಯ ಮನೆಯ ಲ್ಯಾಪ್‌ಟಾಪ್. ಎರಡರಲ್ಲೂ ವಿಂಡೋಸ್ 10 ಪ್ರೊ, ನಡುವೆ ವಿಪಿಎನ್ (ಇಂಟರ್ನೆಟ್ ಮೇಲೆಯೇ ಇವೆರಡನ್ನೂ ಬೆಸೆಯುವ ಖಾಸಗಿ ಸುರಂಗ). ಮನೆಯಲ್ಲಿ ಕೂತು ಹೋಟೆಲಿನ ಪರದೆ ನೋಡಲು ಎರಡು ದಾರಿ: ವಿಂಡೋಸಿನದೇ ಆದ ಆರ್‌ಡಿಪಿ, ಮತ್ತು ವಿಎನ್‌ಸಿ ಬಗೆಯ ಟೈಟ್‌ವಿಎನ್‌ಸಿ. ಇದೇ ಜೋಡಿಯ ಮೇಲೆ ಎರಡನ್ನೂ ಓಡಿಸಿ ನೋಡಿದ್ದು. ಹೋಟೆಲಿನ ಯಂತ್ರದಲ್ಲಿ ವಿಂಡೋಸ್ ಹೋಮ್ ಇದ್ದರೆ ಈ ಹೋಲಿಕೆಯೇ ಬೇಡ. ಹೊರಗಿನಿಂದ ಬರುವ ಆರ್‌ಡಿಪಿಯನ್ನು ಅದು ಒಳಗೆ ಬಿಡುವುದಿಲ್ಲ.

ಅಕ್ಷರದ ಸ್ಪಷ್ಟತೆಯಲ್ಲಿ ಆರ್‌ಡಿಪಿ ಮುಂದು. ವಿಎನ್‌ಸಿಯ ಟೈಟ್ ಎನ್‌ಕೋಡಿಂಗ್, ಅಂದರೆ ಪರದೆಯನ್ನು ಕುಗ್ಗಿಸಿ ಕಳಿಸುವ ವಿಧಾನ, ಪರದೆಯಲ್ಲಿ ಬಣ್ಣ ಕಡಿಮೆ ಇರುವ ತುಂಡನ್ನು ವಿವರ ಕಳೆಯದೆ ಕಳಿಸಿ, ಬಣ್ಣ ಹೆಚ್ಚಿರುವುದನ್ನು ಮಾತ್ರ ಜೆಪೆಗ್ ಮಾಡುತ್ತದೆ, ಅದರಲ್ಲಿ ಸ್ವಲ್ಪ ವಿವರ ಕಳೆದುಹೋಗುತ್ತದೆ. ಕಪ್ಪು ಅಕ್ಷರ, ಬಿಳಿ ಹಿನ್ನೆಲೆ ಇದ್ದಲ್ಲಿ ತೊಂದರೆ ಇಲ್ಲ. ಆದರೆ ಅಕ್ಷರವನ್ನು ನುಣುಪಾಗಿ ತೋರಿಸುವ ವಿಂಡೋಸಿನ ಕ್ಲಿಯರ್‌ಟೈಪ್ ಅದರ ಅಂಚಿಗೆ ಬಣ್ಣ ಬಳಿಯುವುದರಿಂದ, ಹಳದಿ ಬಟನ್ ಮೇಲಿನ 'ಇಡ್ಲಿ'ಯೂ ಜೆಪೆಗ್ ಪಾಲಾಗುತ್ತದೆ. ಜೆಪೆಗ್ ಗುಣಮಟ್ಟ (9 ಅತ್ಯುತ್ತಮ) 2 ಅಥವಾ 3 ಇಟ್ಟರೆ ಬೆಲೆಯ ಅಂಕಿ ಹೇಗೋ ಓದಬಹುದು, ಲಕಾರದ ಒತ್ತು ಮಾತ್ರ ಮಸಿಯ ಚುಕ್ಕೆ. 7ರ ಕೆಳಗೆ ಇಳಿಸಬೇಡಿ. ಭಾರ ಇಳಿಸಬೇಕಿದ್ದರೆ ಹೋಟೆಲಿನ ಕಂಪ್ಯೂಟರಿನಲ್ಲಿ ಕ್ಲಿಯರ್‌ಟೈಪನ್ನೂ ವಾಲ್‌ಪೇಪರನ್ನೂ ತೆಗೆಯಿರಿ.

ಆರ್‌ಡಿಪಿಯಲ್ಲೂ ಕೆಂಪು ಅಕ್ಷರದ ಅಂಚು ಕದಡಿದಂತೆ ಕಂಡರೆ, ಹೋಟೆಲಿನ ಯಂತ್ರದಲ್ಲಿ ಗ್ರೂಪ್ ಪಾಲಿಸಿ (ವಿಂಡೋಸಿನ ಒಳ ಸೆಟ್ಟಿಂಗ್‌ಗಳ ಪಟ್ಟಿ) ತೆರೆದು, ರಿಮೋಟ್ ಸೆಷನ್ ಎನ್ವಿರಾನ್‌ಮೆಂಟ್ ಅಡಿಯಲ್ಲಿ ಎಚ್.264/ಎವಿಸಿ 444 (ಪರದೆಯನ್ನು ವಿಡಿಯೋದಂತೆ ಕುಗ್ಗಿಸುವ ವಿಧಾನ) ಎಂಬುದನ್ನು ಎನೇಬಲ್ ಮಾಡಿ. ಮಾಮೂಲಿ 4:2:0 ವಿಧಾನ ನಾಲ್ಕು ಪಿಕ್ಸೆಲ್‌ಗೆ ಸೇರಿ ಒಂದೇ ಬಣ್ಣ ಕಳಿಸುತ್ತದೆ, 444 ಪ್ರತಿ ಪಿಕ್ಸೆಲ್‌ಗೂ ಕಳಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಬಣ್ಣ 32 ಬಿಟ್ ಇರಲಿ.

ಮೌಸ್ ತಡವಾಗಿ ಕದಲಿದರೆ ಚಿತ್ರದ ಗುಣಮಟ್ಟ ಇಳಿಸುವುದು ಎಲ್ಲರ ಮೊದಲ ಕೈಚಳಕ, ಹೆಚ್ಚಿನ ಸಲ ವ್ಯರ್ಥ. ಪರದೆ ಬರುವುದು ಹೋಟೆಲಿನ ಅಪ್‌ಲೋಡ್‌ ಮೇಲೆ. ಅಲ್ಲಿ ಸಿಸಿಟಿವಿ ಕ್ಲೌಡಿಗೆ ಏರುತ್ತಿದ್ದರೆ ನಿಮ್ಮ ಮನೆಯ ಫೈಬರ್ ಎಷ್ಟು ವೇಗದ್ದಾದರೂ ಏನು ಬಂತು? ಹೋಟೆಲಿನ ಯಂತ್ರಕ್ಕೆ ಪಿಂಗ್ (ಉತ್ತರ ಬರಲು ಹಿಡಿಯುವ ಸಮಯ ಅಳೆಯುವ ಆಜ್ಞೆ) ಓಡಿಸಿ ನೋಡಿ: ಅಂಕಿ ಏರಿಳಿಯುತ್ತಿದ್ದರೆ ಡೇಟಾ ಸಾಲು ಕಟ್ಟಿರುವ ಸಾಧ್ಯತೆ ಹೆಚ್ಚು, ರೂಟರಿನಲ್ಲಿ ಕ್ಯಾಮೆರಾದ ಅಪ್‌ಲೋಡ್‌ಗೆ ಮಿತಿ ಹಾಕಿ.

ಪ್ಯಾಕೆಟ್ (ಡೇಟಾದ ತುಂಡು) ಕಳೆದುಹೋಗುವ ಲೈನಿನಲ್ಲಿ ವಿಎನ್‌ಸಿ ಸೋಲುತ್ತದೆ. ಅದು ಟಿಸಿಪಿ (ಡೇಟಾವನ್ನು ಸರದಿ ತಪ್ಪದೆ ತಲುಪಿಸುವ ವಿಧಾನ) ಮಾತ್ರ ಬಲ್ಲದು, ಒಂದು ಪ್ಯಾಕೆಟ್ ಬಿದ್ದರೆ ಅದರ ಹಿಂದೆ ಬರುವುದೆಲ್ಲ ಕಾಯುತ್ತದೆ. ಆರ್‌ಡಿಪಿ 3389 ಎಂಬ ಪೋರ್ಟಿನಲ್ಲಿ (ಸಂಪರ್ಕದ ಬಾಗಿಲ ಸಂಖ್ಯೆ) ಸರದಿ ಕಾಯದ ಯುಡಿಪಿಯನ್ನೂ ಬಳಸುತ್ತದೆ, ಫೈರ್‌ವಾಲ್‌ ಎರಡನ್ನೂ ಬಿಡಬೇಕಷ್ಟೆ. ಆರ್‌ಡಿಪಿ ಪರದೆಯ ಮೇಲಿನ ನೀಲಿ ಪಟ್ಟಿಯ ಸಿಗ್ನಲ್ ಗುರುತು ಒತ್ತಿದರೆ ಯುಡಿಪಿ ಇದೆಯೋ ಇಲ್ಲವೋ ಎಂದು ಅದೇ ಹೇಳುತ್ತದೆ.

ಯುಡಿಪಿಯದೂ ಒಂದು ತಕರಾರಿದೆ: ವಿಪಿಎನ್ ಒಳಗೆ ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಹೊಂದದಿದ್ದರೆ ಲಾಗಿನ್ ಆಗಿ ಪರದೆ ಕಪ್ಪಾಗಿ ನಿಲ್ಲುತ್ತದೆ. ಪಿಂಗ್‌ಗೆ -ಎಫ್ -ಎಲ್ 1472 ಕೊಟ್ಟು, ಉತ್ತರ ಬರುವವರೆಗೆ ಅಂಕಿ ಇಳಿಸಿ, ಬಂದದ್ದಕ್ಕೆ 28 ಕೂಡಿಸಿ ಅದನ್ನೇ ವಿಪಿಎನ್ ಅಡಾಪ್ಟರಿನ ಎಂಟಿಯು ಮಾಡಿ. 3389ನ್ನಾಗಲಿ ವಿಎನ್‌ಸಿಯ ಪೋರ್ಟ್ 5900ನ್ನಾಗಲಿ ನೇರ ಇಂಟರ್ನೆಟ್ಟಿಗೆ ತೆರೆಯಬೇಡಿ. ಟೈಟ್‌ವಿಎನ್‌ಸಿ ಪಾಸ್‌ವರ್ಡಿನ ಎಂಟು ಅಕ್ಷರದ ಆಚೆಗಿನದನ್ನು ನೋಡುವುದೇ ಇಲ್ಲ.

ಇಷ್ಟಾದರೂ ಹಗಲಿಗೆ ವಿಎನ್‌ಸಿಯೇ. ಊಟದ ಹೊತ್ತಿನಲ್ಲಿ ಆರ್‌ಡಿಪಿ ಹಾಕಿದಿರೋ, ಕೌಂಟರಿನ ಪರದೆ ಲಾಕ್ ಆಗಿ ಕ್ಯಾಶಿಯರ್ ಬಿಲ್ ಪುಸ್ತಕ ಹುಡುಕಬೇಕಾಗುತ್ತದೆ. ವಿಎನ್‌ಸಿಯಲ್ಲಿ ಇಬ್ಬರಿಗೂ ಒಂದೇ ಪರದೆ. ವ್ಯೂ ಓನ್ಲಿ (ನೋಡುವುದಷ್ಟೇ) ಹಾಕಿಕೊಂಡರೆ ಮೌಸಿಗಾಗಿ ಜಗ್ಗಾಟವೂ ಇಲ್ಲ. ಶಟರ್ ಎಳೆದ ಮೇಲೆ ಲೆಕ್ಕ ನೋಡಲು ಆರ್‌ಡಿಪಿ. ಬೆಳಿಗ್ಗೆ ಕೌಂಟರಿನಲ್ಲಿ ಲಾಕ್ ಪರದೆಯೇ ಕಾದಿರುತ್ತದೆ, ಕ್ಯಾಶಿಯರಿಗೆ ಪಾಸ್‌ವರ್ಡ್ ಗೊತ್ತಿರಲಿ.