8ರ ತಂತಿ, ಮೊಂಡು ಬೆರಳು

ಪೀಣ್ಯದಲ್ಲಿ ಶೀಟ್ ಮೆಟಲ್ ಕೆಲಸ ನನ್ನದು. ಎರಡು ವರ್ಷದ ಹಿಂದೆ ಪವರ್ ಪ್ರೆಸ್ಸಿಗೆ ಎಡಗೈ ಉಂಗುರದ ಬೆರಳಿನ ತುದಿ ಹೋಯಿತು, ಅರ್ಧ ಉಗುರಿನ ತನಕ. ಗಾಯವೇನೋ ಮಾಗಿತು. ಆದರೆ ಗಿಟಾರಿನ 10ರ ತಂತಿ (ಅಂದರೆ ಇಂಚಿನ ಸಾವಿರದ ಹತ್ತು ಭಾಗ ದಪ್ಪದ್ದು) ಒತ್ತಿದರೆ ಮೊಣಕೈವರೆಗೂ ಕರೆಂಟ್ ಹೊಡೆದ ಹಾಗೆ. ಅದಕ್ಕೇ ತೆಳು ತಂತಿ 8, ದಪ್ಪ ತಂತಿ 38 ಇರುವ ಈ 8-38 ಸೆಟ್ ತರಿಸಿದ್ದು. ಆರು ನೂರು ಚಿಲ್ಲರೆ ಆಯಿತು. ಕಂಪನಿ ಹೆಸರು ಬೇಡ, ನಾನು ಬರೆಯುತ್ತಿರುವುದು ಗೇಜಿನ, ಅಂದರೆ ತಂತಿಯ ದಪ್ಪದ ಬಗ್ಗೆ.

ಇದನ್ನು ತರಿಸುವ ಧೈರ್ಯ ಬಂದದ್ದು ಟೋನಿ ಐಯೋಮಿಯಿಂದ. ಬ್ಲ್ಯಾಕ್ ಸಬ್ಬತ್ ಅನ್ನೋ ಹೆವಿ ಮೆಟಲ್ ಬ್ಯಾಂಡಿನ ಗಿಟಾರಿಸ್ಟ್, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನವರು. ಅವರದ್ದೂ ಶೀಟ್ ಮೆಟಲ್ ಫ್ಯಾಕ್ಟರಿಯೇ! ಆಗ 17 ವರ್ಷ, ಕೆಲಸ ಬಿಡುವ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ಮತ್ತೆ ಹೋಗಲ್ಲ ಅಂದರಂತೆ. ಅಮ್ಮ ಬಿಡಲಿಲ್ಲ, ಪೂರ್ತಿ ದಿನ ಮುಗಿಸಿ ಬಾ ಎಂದು ಕಳಿಸಿದರು. ಪ್ರೆಸ್ ನಡೆಸುವವರು ಅವತ್ತು ಬಂದಿರಲಿಲ್ಲ, ಇವರನ್ನು ಅಲ್ಲಿ ಕೂರಿಸಿದರು. ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಎಡಚರಾದ್ದರಿಂದ ತಂತಿ ಒತ್ತುವ ಕೈ ಅದೇ.

ಬದಲಿ ಆಳಾಗಿ ಮಷಿನ್ ಮುಂದೆ ಕೂತವನ ಕತೆ ನಮ್ಮ ಕಡೆ ಯಾರಿಗೂ ಹೊಸದಲ್ಲ. ನಾನೂ ಅವತ್ತು ಬದಲಿಯೇ.

ಐಯೋಮಿ ಮನೆಗೆ ಫ್ಯಾಕ್ಟರಿಯ ಫೋರ್‌ಮನ್ ಒಂದು ರೆಕಾರ್ಡ್ ತಂದುಕೊಟ್ಟರು. ಜಾಝ್ ಗಿಟಾರಿಸ್ಟ್ ಜಾಂಗೋ ರೈನ್‌ಹಾರ್ಟ್ ನುಡಿಸಿದ್ದು. ಬೆಂಕಿಯಲ್ಲಿ ಕೈ ಸುಟ್ಟು ಎರಡು ಬೆರಳು ಕೆಲಸಕ್ಕೆ ಬಾರದಿದ್ದರೂ ನುಡಿಸಿದವರು. (ನನ್ನ ಸೂಪರ್‌ವೈಸರ್ ತಂದದ್ದು ಸಹಿ ಹಾಕುವ ಪೇಪರ್.) ಐಯೋಮಿ ಪಾತ್ರೆ ತೊಳೆಯುವ ಲಿಕ್ವಿಡ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು. ಮೇಲೆ ಹಳೇ ಜಾಕೆಟ್ಟಿನ ಚರ್ಮ ಅಂಟಿಸಿದರು. ಆಗ ಇಷ್ಟು ತೆಳು ತಂತಿಯ ಸೆಟ್ ಸಿಗುತ್ತಿರಲಿಲ್ಲ, ಬ್ಯಾಂಜೋ ತಂತಿ ಹಾಕಿಕೊಂಡರು. ನಾನೂ ಒಂದು ಬಾಟಲಿ ಕರಗಿಸಿ ನೋಡಿದೆ. ಅಡುಗೆಮನೆ ತುಂಬ ನಾತ, ಮನೆಯವಳಿಂದ ಬೈಗುಳ. ಟೋಪಿ ಮಾತ್ರ ಆಗಲಿಲ್ಲ.

ಈಗ ತಂತಿಯ ವಿಷಯ. ಮೊದಲ ತಂತಿ 0.2 ಮಿಲಿಮೀಟರ್, ಕವರಿನಿಂದ ತೆಗೆದಾಗ ಕೂದಲು ಅಂದುಕೊಂಡೆ. ಅದೇ ಶ್ರುತಿಯಲ್ಲಿ 10ರ ತಂತಿಗಿಂತ ಎಳೆತ ಮೂರನೇ ಒಂದು ಭಾಗ ಕಡಿಮೆ. ಒತ್ತಿದರೆ ಶಾಕ್ ಇಲ್ಲ! ಅದೊಂದಕ್ಕೇ ದುಡ್ಡು ವಸೂಲ್. ಹಾಕಿದ ಮೊದಲ ದಿನ ಮಾತ್ರ ಗಿಟಾರಿನ ತಲೆಯ ಕಡೆಯ ಫ್ರೆಟ್‌ಗಳಲ್ಲಿ (ನೆಕ್ ಮೇಲಿನ ಲೋಹದ ಪಟ್ಟಿಗಳು) ಜಿರ್ರ್ ಅಂತಿತ್ತು. ಎಳೆತ ಕಡಿಮೆಯಾಗಿ ನೆಕ್ ಹಿಂದಕ್ಕೆ ಹೋಗಿತ್ತು. ನೆಕ್ ಒಳಗೆ ಅದರ ಬಾಗು ಸರಿಮಾಡುವ ಸರಳು, ಟ್ರಸ್ ರಾಡ್, ಕಾಲು ಸುತ್ತು ಸಡಿಲಿಸಿದೆ, ಸರಿಹೋಯಿತು. ಅಲೆನ್ ಕೀ ನಮ್ಮಂಥವರ ಜೇಬಿನಲ್ಲೇ ಇರುತ್ತದಲ್ವಾ.

ನಿಜವಾದ ತೊಂದರೆ ಬೇರೆ. ತಂತಿ ಇಷ್ಟು ಮೆತ್ತಗಿದ್ದರೆ ಸ್ವಲ್ಪ ಜಾಸ್ತಿ ಒತ್ತಿದರೂ ಸ್ವರ ಮೇಲೇರುತ್ತದೆ. ನನ್ನ ಮೊಂಡು ಬೆರಳಿಗೆ ಎಷ್ಟು ಒತ್ತುತ್ತಿದ್ದೇನೆ ಅನ್ನೋದೇ ಗೊತ್ತಾಗಲ್ಲ. ಚರ್ಮದ ಟೋಪಿಯೊಳಗಿಂದ ಐಯೋಮಿಗೂ ತಂತಿ ಗೊತ್ತಾಗುತ್ತಿರಲಿಲ್ಲವಂತೆ. ಬೆರಳಿನ ಕೆಲಸ ಕಿವಿಯಿಂದ ಮಾಡಬೇಕು. ಒಂದು ತಿಂಗಳಾಯಿತು, ಇನ್ನೂ ಅರ್ಧಕ್ಕರ್ಧ ಅಪಸ್ವರ.

1971ರ ಮೂರನೇ ಆಲ್ಬಮ್ಮಿಗೆ ಐಯೋಮಿ ಹಲವು ಹಾಡಿನಲ್ಲಿ ಶ್ರುತಿಯನ್ನೇ ಮೂರು ಸೆಮಿಟೋನ್ (ಒಂದು ಫ್ರೆಟ್‌ನಷ್ಟು ಅಂತರ ಒಂದು ಸೆಮಿಟೋನ್) ಇಳಿಸಿದರು. ತಂತಿ ಇನ್ನೂ ಸಡಿಲ, ಸದ್ದು ಇನ್ನೂ ಭಾರ. ನಾನೂ ಇಳಿಸಿದೆ. 38ರ ತಂತಿ ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋಲುತ್ತಾ ಫ್ರೆಟ್ಟಿಗೆ ಬಡಿಯುತ್ತದೆ. ಅಷ್ಟು ಇಳಿಸುವವರು ದಪ್ಪ ತಂತಿಯನ್ನೇ ಹಾಕಿ, ಅಥವಾ ನನ್ನ ಹಾಗೆ ಒಂದೇ ಸೆಮಿಟೋನ್ ಇಳಿಸಿ ಸುಮ್ನಿರಿ.

ಐದಕ್ಕೆ ನಾಲ್ಕು ಸ್ಟಾರ್. ಹತ್ತೊಂಬತ್ತನೇ ದಿನ ಬೆಂಡ್ ಮಾಡುವಾಗ, ಅಂದರೆ ಸ್ವರ ಏರಿಸಲು ತಂತಿಯನ್ನು ಪಕ್ಕಕ್ಕೆ ಎಳೆಯುವಾಗ, ಮೊದಲ ತಂತಿ ಪಟ್ ಅಂತ ಹರಿದು ಕೆನ್ನೆಗೆ ಬಡಿಯಿತು, ಅದಕ್ಕೆ ಒಂದು ಕಡಿತ. ಬಿಡಿ ತಂತಿ ನಾಲ್ಕು ಜಾಸ್ತಿ ಇಟ್ಟುಕೊಂಡಿರಿ.