ಕಾಲೇಜು ಗ್ರಂಥಾಲಯಕ್ಕೆ ಕೋಹಾ: ದುಡ್ಡು ಲೈಸೆನ್ಸಿಗಲ್ಲ, ಕೆಲಸ ಬಲ್ಲವರಿಗೆ ಹೋಗಲಿ

ನಾನು ಅನುದಾನಿತ ಪದವಿ ಕಾಲೇಜೊಂದರ ಗ್ರಂಥಪಾಲಕಿ. ನಮ್ಮಲ್ಲಿ ಪುಸ್ತಕಗಳ ಪಟ್ಟಿ, ಎರವಲು ನೋಡಿಕೊಳ್ಳಲು ಮೊದಲು ಖಾಸಗಿ ಕಂಪನಿಯೊಂದರ ಸಾಫ್ಟ್‌ವೇರ್ ಇತ್ತು, ಪ್ರತಿವರ್ಷ ತಪ್ಪದೆ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆಯ ಶುಲ್ಕ, ಕಟ್ಟುತ್ತಿದ್ದೆವು. ಕನ್ನಡ ಪುಸ್ತಕಗಳ ಹೆಸರನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ತುಂಬಬೇಕು. 'ಕೃಷಿ'ಗೆ ಒಬ್ಬರು 'ಐ' ಹಾಕಿದರೆ ಇನ್ನೊಬ್ಬರು 'ಯು' ಹಾಕುತ್ತಿದ್ದರು. ಹುಡುಕುವ ಹುಡುಗರಿಗೆ ಕಪಾಟಿನಲ್ಲಿರುವ ಪುಸ್ತಕವೂ ಇಲ್ಲವೆಂದೇ ಕಾಣುತ್ತಿತ್ತು. ಬಿಟ್ಟು ಹೊರಡೋಣವೆಂದರೆ, ನಾವೇ ಟೈಪ್ ಮಾಡಿದ ಮಾಹಿತಿಯನ್ನು ಹೊರತೆಗೆದು ಕೊಡಲು ಕಂಪನಿ ಬೇರೆ ಶುಲ್ಕ ಕೇಳಿತು. ನನಗೆ ಈಗಲೂ ಸಿಟ್ಟು ಬರುವುದು ಆ ಬಿಲ್ಲಿಗೇ.

ಈಗ ಅದೇ ಕೆಲಸಕ್ಕೆ ಕೋಹಾ ಎಂಬ, ಲೈಸೆನ್ಸ್ ಶುಲ್ಕವಿಲ್ಲದ ಮುಕ್ತ ಸಾಫ್ಟ್‌ವೇರ್ ಬಳಸುತ್ತಿದ್ದೇವೆ. ನ್ಯೂಜಿಲೆಂಡಿನ ಹೊರೊವೆನುವಾ ಎಂಬಲ್ಲಿನ ಸಾರ್ವಜನಿಕ ಗ್ರಂಥಾಲಯಕ್ಕೆಂದು 1999ರಲ್ಲಿ ಬರೆದದ್ದು ಇದು. ಅವರ ಹಳೆಯ ವ್ಯವಸ್ಥೆ 2000ನೇ ಇಸವಿಗೆ ಕೈಕೊಡುವುದರಲ್ಲಿತ್ತು. ಇನ್ನೊಂದು ಲೈಸೆನ್ಸ್ ಕೊಳ್ಳುವ ಬದಲು ಅಲ್ಲಿನವರು ಪ್ರೋಗ್ರಾಮರುಗಳಿಗೆ ದುಡ್ಡು ಕೊಟ್ಟು ಬರೆಸಿದರು, ಬರೆಸಿದ್ದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟರು. ನಮ್ಮ ಆಡಳಿತ ಮಂಡಳಿಯ ಸಭೆಯಲ್ಲಿ ನಾನು ಹೇಳಿದ್ದೂ ಇದನ್ನೇ.

ಕನ್ನಡದಲ್ಲೇ ತುಂಬಿ ಕನ್ನಡದಲ್ಲೇ ಹುಡುಕಬಹುದು, ನನಗೆ ಅತಿ ಹೆಚ್ಚು ಖುಷಿ ಕೊಟ್ಟಿರುವುದು ಇದು. ಆದರೆ ಅನುಸ್ಥಾಪಿಸಿದ ಕೂಡಲೇ ಆಗಿಬಿಡುವುದಿಲ್ಲ. ಇದರ ಹುಡುಕಾಟ ನಡೆಸುವ ಜೀಬ್ರಾ ಎಂಬ ಭಾಗದಲ್ಲಿ, ಕನ್ನಡದಂಥ ಲಿಪಿಗಳನ್ನೂ ಅರಿಯುವ ಐಸಿಯು ಇಂಡೆಕ್ಸಿಂಗ್ ಆರಿಸಿ, ಇಡೀ ಕ್ಯಾಟಲಾಗನ್ನು ಮತ್ತೆ ಇಂಡೆಕ್ಸ್ ಮಾಡಿಸಿ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಪಟ್ಟಿ ಇದ್ದವರು ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಲೇಬೇಕು. ಇಂಗ್ಲಿಷ್ ಪುಸ್ತಕಗಳ ವಿವರವನ್ನು ಗ್ರಂಥಾಲಯಗಳ ಕಂಪ್ಯೂಟರುಗಳು ಪರಸ್ಪರ ಮಾಹಿತಿ ಪಡೆಯುವ ಝಡ್39.50 ಎಂಬ ವಿಧಾನದ ಮೂಲಕ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನಿಂದಲೇ ಎಳೆದುಕೊಳ್ಳಬಹುದು. ಬಾರ್‌ಕೋಡ್, ದಂಡ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಬೇಕಾದ ವರದಿ ಎಲ್ಲ ಇದೆ.

ಕಷ್ಟಗಳೂ ಸಣ್ಣವಲ್ಲ. ಲಿನಕ್ಸ್ ಬೇಕು, ವಿಂಡೋಸ್ ಸರ್ವರ್ ಮೇಲೆ ಕೂರುವುದಿಲ್ಲ. ಪುಸ್ತಕದ ಒಂದೊಂದು ವಿವರವನ್ನೂ ಸಂಖ್ಯೆಯ ಗುರುತಿನಡಿ ತುಂಬುವ ಮಾರ್ಕ್ ಫೀಲ್ಡುಗಳನ್ನು ನೋಡಿ ಹೊಸ ಸಹಾಯಕರು ಕಂಗಾಲಾಗುತ್ತಾರೆ. ಆರು ತಿಂಗಳಿಗೊಮ್ಮೆ, ಮೇ ಮತ್ತು ನವೆಂಬರಿನಲ್ಲಿ, ಹೊಸ ಆವೃತ್ತಿ ಬರುತ್ತದೆ. ಏರಿಸುವ ಮೊದಲು ಬ್ಯಾಕಪ್ ತೆಗೆದಿಡಲು ತಿಳಿದವರು ಇರಬೇಕು. 'ಉಚಿತ ತಾನೆ' ಎಂದು ಬಜೆಟ್ಟಿನಲ್ಲಿ ಸೊನ್ನೆ ಬರೆಯುವ ಕಾಲೇಜುಗಳಲ್ಲಿ ಇದು ಕೆಟ್ಟು ಕೂರುವುದು ಅದಕ್ಕೇ. ಗಂಟು ಬಿದ್ದಾಗ ಬಿಡಿಸಿಕೊಡುವ ತಂತ್ರಜ್ಞನಿಗೆ, ಸರ್ವರಿಗೆ, ಸಿಬ್ಬಂದಿ ತರಬೇತಿಗೆ ಧಾರಾಳವಾಗಿ ಕೊಡಿ. ಅಂಥ ತಂತ್ರಜ್ಞ ಸರಿಬಾರದಿದ್ದರೆ ಇನ್ನೊಬ್ಬನನ್ನು ಕರೆಯಬಹುದು, ಪುಸ್ತಕಗಳ ಪಟ್ಟಿ ನಮ್ಮಲ್ಲೇ ಇರುತ್ತದೆ.

ಚಂದಾ ಕಟ್ಟುವುದೇ ತಪ್ಪು ಎನ್ನುವವಳಲ್ಲ ನಾನು. ಗುಜರಾತಿನ ಗಾಂಧಿನಗರದಲ್ಲಿರುವ ಯುಜಿಸಿ ಕೇಂದ್ರ ಇನ್‌ಫ್ಲಿಬ್‌ನೆಟ್ ನಡೆಸುವ, ಕಾಲೇಜುಗಳಿಗೆ ಇ-ಜರ್ನಲ್ ಒದಗಿಸುವ ಎನ್-ಲಿಸ್ಟಿಗೆ ನಾವು ಕಟ್ಟುವ ವಾರ್ಷಿಕ ಶುಲ್ಕ ಒಂದೆರಡು ಒಳ್ಳೆಯ ವಿದೇಶಿ ಪಠ್ಯಪುಸ್ತಕಗಳ ಬೆಲೆಯಷ್ಟೂ ಅನಿಸುವುದಿಲ್ಲ. ಸಾವಿರಾರು ಇ-ಜರ್ನಲ್‌ಗಳು ಹಳ್ಳಿಯಿಂದ ಬರುವ ಹುಡುಗಿಯ ಮೊಬೈಲಿಗೂ ಸಿಗುತ್ತವೆ. ಈ ಸಲದ ಬಜೆಟ್ಟಿನಲ್ಲಿ ಹಳೆಯ ಎಎಂಸಿಯ ಮೊತ್ತವನ್ನು ಪೂರ್ತಿ ಕೋಹಾ ನಿರ್ವಹಣೆ ಮತ್ತು ತರಬೇತಿಯ ಬಾಬ್ತಿಗೆ ವರ್ಗಾಯಿಸಿ ಎಂದು ಪ್ರಾಂಶುಪಾಲರಿಗೆ ಬರೆದುಕೊಟ್ಟಿದ್ದೇನೆ.